ಹದಿನಾಲ್ಕನೇ ಹಾಸಿಗೆಯ ಮಾಮ

ಮಾರ್ಚ್ 2

ಪ್ರೀತಿಯ ಗುಂಡಾ,

ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ಇಟ್ಟುಬಿಟ್ಟೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಕೂತುಕೊಂಡು ಓದು.

ಮಾಮ ಸತ್ತಿಲ್ಲ.

ಯಾವ ಮಾಮ ಎಂದು ಕೇಳಬೇಡ, ನಮಗಿದ್ದವನು ಒಬ್ಬನೇ. ಅಮ್ಮ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ನಿನಗೆ ಲಿಫ್ಟ್ ರಿಪೇರಿ ಕಲಿಸಿದವನು. ಅಮ್ಮ ಕೆಲಸ ಮಾಡುತ್ತಿದ್ದ ಹೊಲಿಗೆ ಕಾರ್ಖಾನೆಯ ಹಳೇ ಲಿಫ್ಟಿಗೆ ಹೊಸ ಉಕ್ಕಿನ ಹಗ್ಗ ಕಟ್ಟಿ, ಅದರ ನಟ್ಟು ಬಿಚ್ಚದ ಹಾಗೆ ತಡೆಯುವ ಪಿನ್ ಹಾಕದೆ ಬಂದವನು. ವಾರದೊಳಗೆ ನಟ್ಟು ಕಳಚಿ, ಲಿಫ್ಟು ನಾಲ್ಕನೇ ಮಹಡಿಯಿಂದ ಬಿತ್ತು, ಒಳಗೆ ಅಮ್ಮ ಒಬ್ಬಳೇ ಇದ್ದಳು. ಆರು ವರ್ಷದ ಶಿಕ್ಷೆಯಾಗಿ ಒಳಗೆ ಹೋದವನು. ಅಪ್ಪ ಒಮ್ಮೆ ಜೈಲಿಗೆ ಹೋಗಿ ಬಂದು, ಬಾಗಿಲಲ್ಲೇ ನಿಂತು, ‘ಅವನು ಸತ್ತ, ಇನ್ನು ಈ ಮನೇಲಿ ಅವನ ಹೆಸರು ಎತ್ತಬೇಡಿ’ ಎಂದರಲ್ಲ, ಅದೇ ಮಾಮ.

ಇವತ್ತು ಬೆಳಿಗ್ಗೆ ನನ್ನ ವಾರ್ಡಿನ ಹದಿನಾಲ್ಕನೇ ಹಾಸಿಗೆಯಲ್ಲಿದ್ದ.

ಹೊಟ್ಟೆಯಲ್ಲಿ ಗಂಟು, ಆಪರೇಷನ್ ಆಗಬೇಕು. ನಾನು ಬೆನ್ನು ಹಾಕಿ ಪಕ್ಕದವರ ಗಾಯ ಕಟ್ಟುತ್ತಿದ್ದೆ. ಹಿಂದಿನಿಂದ ದನಿ ಬಂತು: “ಸಿಸ್ಟರ್, ಒಂದು ತೊಟ್ಟು ಎಣ್ಣೆ ಇದ್ರೆ ಕೊಡ್ತೀರಾ? ಈ ಮಂಚದ ಚಕ್ರ ನನಗಿಂತ ಜಾಸ್ತಿ ನರಳ್ತಾ ಇದೆ.” ಪಕ್ಕದವರೆಲ್ಲ ನಕ್ಕರು. ನನ್ನ ಕೈಲಿದ್ದ ಟ್ರೇ ನೆಲಕ್ಕೆ ಬಿತ್ತು. ಆ ದನಿ ಮರೆಯುವಂಥದ್ದಾ? ತಿರುಗಿ ನೋಡಿದೆ. ಕೂದಲಿಲ್ಲ, ಹಲ್ಲು ಅರ್ಧ ಹೋಗಿದೆ, ಕಣ್ಣು ಅವೇ. ನಾಡಿ ನೋಡಬೇಕಾಗಿತ್ತು, ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. “ನಮ್ಮಕ್ಕನ ಕೈ ಇದ್ದ ಹಾಗೇ ಇದೆಯಲ್ಲಮ್ಮ” ಎಂದ, ಮತ್ತೆ ತಲೆ ಎತ್ತಿ ನೋಡಿದವನು ಗೋಡೆಯ ಕಡೆ ಹೊರಳಿಕೊಂಡ.

ನಾನು ಓಡಿದೆ ಗುಂಡಾ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ರೋಗಿಯನ್ನು ಬಿಟ್ಟು ಓಡಿದ್ದು ಇದೇ ಮೊದಲು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಏನು ಮಾಡಲಿ ಹೇಳು.

ನಿನ್ನ ಅಕ್ಕ

•

ಮಾರ್ಚ್ 7

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟು ಬಂತು, ಆ ಮನುಷ್ಯನ ಮೇಲಲ್ಲ, ಅಪ್ಪನ ಮೇಲೆ. ಸತ್ತ ಎಂದು ನಂಬಿಸಿ ಅಪ್ಪ ಮಣ್ಣಿಗೆ ಹೋದರು. ಯಾಕೆ?

ಮೇಲಿನವರಿಗೆ ಹೇಳಿ ನಿನ್ನನ್ನು ಬೇರೆ ವಾರ್ಡಿಗೆ ಹಾಕಿಸಿಕೊ. ಅವನ ಹತ್ತಿರ ಹೋಗಬೇಡ. ನಾನು ಸಭಾಪಾಲಕ, ಹೀಗೆ ಬರೆಯಬಾರದು, ಗೊತ್ತು. ಆದರೆ ಈ ಸಭೆಯ ಪೀಠ ಹತ್ತಿದ ಹನ್ನೊಂದು ವರ್ಷದಲ್ಲಿ ಪ್ರತಿ ಶುಭ ಶುಕ್ರವಾರ ನಾನು ಅಮ್ಮನ ಕಥೆ ಹೇಳಿದ್ದೇನೆ. ಒಬ್ಬನ ಬೇಜವಾಬ್ದಾರಿಯಿಂದ ತಾಯಿಯನ್ನು ಕಳೆದುಕೊಂಡವನು ಶಿಲುಬೆಯ ಕೆಳಗೆ ಹೇಗೆ ನಿಂತುಕೊಂಡೆ ಎಂದು ಹೇಳಿದ್ದೇನೆ. ಜನ ಅತ್ತಿದ್ದಾರೆ. ಸತ್ತವನ ಬಗ್ಗೆ ಹಾಗೆ ಹೇಳುವುದು ಸುಲಭ. ಅವನು ಮಂಚದ ಚಕ್ರಕ್ಕೆ ಎಣ್ಣೆ ಕೇಳುತ್ತಿದ್ದಾನೆ ಎಂದರೆ ಆ ಕಥೆಯನ್ನು ಇನ್ನು ಹೇಗೆ ಹೇಳಲಿ?

ಒಂದು ಕೇಳುತ್ತೇನೆ. ಅವನು ಆ ದಿನದ ವಿಷಯ ನಿನ್ನ ಹತ್ತಿರ ಏನಾದರೂ ಹೇಳಿದನಾ?

ತಮ್ಮ

•

ಮಾರ್ಚ್ 12

ಗುಂಡಾ,

ಆಪರೇಷನ್ ಆಯಿತು. ಗಂಟು ತೆಗೆದಿದ್ದಾರೆ. ಬದುಕುತ್ತಾರೆ ಎಂದು ಡಾಕ್ಟರು ಹೇಳಿದ್ದಾರೆ. ವಾರ್ಡ್ ಬದಲಿಸಿಕೊಳ್ಳಲು ಆಗಲಿಲ್ಲ, ಇಬ್ಬರು ಸಿಸ್ಟರ್‌ಗಳು ರಜೆಯಲ್ಲಿದ್ದಾರೆ.

ಅವರು ಏನೂ ಹೇಳಲಿಲ್ಲ.

ನಿನ್ನ ಕೆಮ್ಮು ಹೇಗಿದೆ? ತಣ್ಣೀರು ಕುಡಿಯಬೇಡ ಎಂದರೆ ಕೇಳುವವನಲ್ಲ ನೀನು.

ಸುಮ್ಮನೆ ಒಂದು ಮಾತು. ಹಗ್ಗ ಹಾಕಿದ ದಿನ ಆ ಲಿಫ್ಟಿನ ಮೇಲೆ ಹತ್ತಿದ್ದು ಯಾರು, ನಿನಗೆ ನೆನಪಿದೆಯಾ?

ಅಕ್ಕ

•

ಮಾರ್ಚ್ 16

ಪ್ರೀತಿಯ ಅಕ್ಕಾ,

ಹೋದ ಕಾಗದಕ್ಕೆ ಕ್ಷಮಿಸು. ದೇವರು ನನ್ನ ಕಿವಿ ಹಿಂಡಿದ್ದಾನೆ.

ನಿನ್ನ ಕಾಗದದಲ್ಲಿ ‘ಅವರು’ ಎಂದು ಬರೆದಿದ್ದೀಯ. ಹದಿನೆಂಟು ವರ್ಷ ‘ಅವನು’ ಆಗಿದ್ದವನು ‘ಅವರು’ ಆದದ್ದು ನೋಡಿ ನಾನು ಕಾಗದವನ್ನು ಮತ್ತೆ ಮೊದಲಿಂದ ಓದಿದೆ. ನೀನು ಒಳಗೊಳಗೇ ಅವನನ್ನು ಕ್ಷಮಿಸಿಬಿಟ್ಟಿದ್ದೀಯ, ನನಗೆ ಹೇಳಲು ಹೆದರುತ್ತಿದ್ದೀಯ. ಪೀಠದ ಮೇಲಿರುವವನು ನಾನು, ಮೊದಲು ಮೆತ್ತಗಾದವಳು ನೀನು. ನನಗೆ ನಾಚಿಕೆಯಾಯಿತು.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಶುಭ ಶುಕ್ರವಾರ ಅವನನ್ನು ಇಲ್ಲಿಗೆ ಕರೆಸುತ್ತೇನೆ. ಮೂರು ಗಂಟೆಯ ಆರಾಧನೆಯಲ್ಲಿ, ಇಡೀ ಸಭೆಯ ಮುಂದೆ, ಅವನ ಕೈಹಿಡಿದು ‘ನಿನ್ನನ್ನು ಕ್ಷಮಿಸಿದ್ದೇನೆ’ ಎನ್ನುತ್ತೇನೆ. ಹಿರಿಯರಿಗೆ ಹೇಳಿದೆ, ಎಲ್ಲರ ಕಣ್ಣಲ್ಲೂ ನೀರು. ವ್ಯಾನಿನ ವ್ಯವಸ್ಥೆಯೂ ಆಗಿದೆ, ಮಲಗಿಕೊಂಡೇ ಬರಬಹುದು. ನಮ್ಮ ಪಾಪವನ್ನೆಲ್ಲ ಹೊತ್ತುಕೊಂಡವನ ದಿನದಂದು ಒಬ್ಬ ಪಾಪಿಯ ಹೊರೆ ಇಳಿಸುವುದಕ್ಕಿಂತ ದೊಡ್ಡ ಪ್ರಸಂಗ ಯಾವುದಿದೆ?

ನೀನು ಕೇಳಿದ್ದಕ್ಕೆ: ನಾನೂ ಹೋಗಿದ್ದೆ, ಜೊತೆಗೆ. ಕೊನೆಯಲ್ಲಿ ಎಲ್ಲ ನೋಡಿ ಮುಗಿಸುವುದು ಅವನ ಕೆಲಸ. ಕೋರ್ಟಿನಲ್ಲಿ ಅವನೇ ಒಪ್ಪಿಕೊಂಡನಲ್ಲ. ಅದೆಲ್ಲ ಈಗ ಯಾಕೆ?

ವ್ಯಾನು ಶುಭ ಶುಕ್ರವಾರದ ಹಿಂದಿನ ದಿನ, ಏಪ್ರಿಲ್ 2ರ ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಬರುತ್ತದೆ. ಅವನನ್ನು ಸಿದ್ಧ ಮಾಡಿಡು.

ನಿನ್ನ ತಮ್ಮ

•

ಮಾರ್ಚ್ 20

ಗುಂಡಾ,

ವ್ಯಾನು ಕಳಿಸಬೇಡ. ಯಾರಿಗಾದರೂ ಹೇಳಿ ಈಗಲೇ ನಿಲ್ಲಿಸು, ಆಮೇಲೆ ಮುಂದಕ್ಕೆ ಓದು.

ನಾನು ಸುಳ್ಳು ಬರೆದಿದ್ದೆ. ಅವರು ಹೇಳಿದ್ದರು. ಬೇಕೆಂದು ಹೇಳಿದ್ದಲ್ಲ. ಆಪರೇಷನ್ ಆಗಿ ಮಂಪರು ಇಳಿಯುವ ಹೊತ್ತು, ಮಧ್ಯಾಹ್ನ, ನಾನು ಪಕ್ಕದಲ್ಲಿದ್ದೆ. ಆ ಹೊತ್ತಿಗೆ ರೋಗಿಗಳು ಏನೇನೋ ಬಡಬಡಿಸುತ್ತಾರೆ, ನಾವು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇವರು ನನ್ನ ಸೆರಗು ಹಿಡಿದುಕೊಂಡು, ಅಪ್ಪನ ಹತ್ತಿರ ಮಾತಾಡುವ ಹಾಗೆ, “ಭಾವಾ, ಅವನಿಗೆ ಹೇಳ್ಬೇಡಿ. ಪಿನ್ನು ಗುಂಡನ ಜೇಬಲ್ಲೇ ಇತ್ತು ಭಾವಾ. ನಾನು ಸತ್ತೆ ಅಂತ ಹೇಳ್ಬಿಡಿ, ಮುಗೀತು” ಎಂದರು. ಎರಡು ಸಲ.

ಎಚ್ಚರವಾದ ಮೇಲೆ ಕೇಳಿದೆ. ಮೊದಲು ನಕ್ಕರು, “ಔಷಧಿ ತಲೆಗೇರಿದ್ರೆ ಮನುಷ್ಯ ಮಂತ್ರಿನೂ ಆಗ್ತಾನೆ ಕಣೇ” ಎಂದರು. ನಾನು ಬಿಡಲಿಲ್ಲ. ಮೂರನೇ ದಿನ ಹೇಳಿದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನನ್ನದು ಏನೂ ಸೇರಿಸುವುದಿಲ್ಲ.

ಲಿಫ್ಟು ಬಿದ್ದ ಸದ್ದಿಗೆ ಮೊದಲು ಓಡಿ ಗುಂಡಿಗೆ ಇಳಿದವರು ಅವರು. ಅಮ್ಮನ ಪಕ್ಕದಲ್ಲಿ ನಟ್ಟು ಬಿದ್ದಿತ್ತು. ಪಿನ್ನು ಮುರಿದಿದ್ದರೆ ತುಂಡು ಇರಬೇಕಿತ್ತು, ಇರಲಿಲ್ಲ. ಅಲ್ಲಿಂದ ನೇರ ಪಕ್ಕದ ಬೀದಿಯ ತಮ್ಮ ರಿಪೇರಿ ಅಂಗಡಿಗೆ ಬಂದರು. ಗೋಡೆಯ ಮೊಳೆಗೆ ನಿನ್ನ ಕೆಲಸದ ಅಂಗಿ ನೇತಾಡುತ್ತಿತ್ತು. ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ್ದ ಹಾಗೇ ಹೊಸ ಪಿನ್ನು. ಅದನ್ನು ಚರಂಡಿಗೆ ಎಸೆದರು. ಪೊಲೀಸರು ಬಂದು ‘ಮೇಲೆ ಹತ್ತಿದ್ದು ಯಾರು’ ಎಂದಾಗ “ನಾನೇ, ಹುಡುಗ ಕೆಳಗಿದ್ದ” ಎಂದರು. ಹಗ್ಗ ಹಾಕಿದ ದಿನ ಅವರು ಆ ಕಟ್ಟಡಕ್ಕೆ ಬಂದೇ ಇರಲಿಲ್ಲ, ಅಲ್ಲವಾ?

ಇನ್ನೊಂದಿದೆ. ಆರು ವರ್ಷ ಸಾಲದು, ಕೇಸು ಮತ್ತೆ ತೆಗೆಯಿರಿ, ಲಿಫ್ಟಿನ ಒಂದೊಂದು ಭಾಗವನ್ನೂ ಮತ್ತೆ ಪರೀಕ್ಷೆ ಮಾಡಿಸಿ ಎಂದು ನೀನು ಅರ್ಜಿ ಬರೆದಿದ್ದೆ, ನೆನಪಿದೆಯಾ? ಅಪ್ಪ ಅದನ್ನು ಜೈಲಿಗೆ ಹೋಗಿ ಅವರ ಮುಖಕ್ಕೆ ಹಿಡಿದರಂತೆ. ಪರೀಕ್ಷೆ ನಡೆದರೆ ನೀನು ಸಿಕ್ಕಿಬೀಳುತ್ತೀಯ. ಅದಕ್ಕೇ ಅಪ್ಪನಿಗೆ ನಿಜ ಹೇಳಿದರು. ನಾನು ಸತ್ತೆ ಎಂದರೆ ಹುಡುಗ ಅರ್ಜಿ ಬಿಡುತ್ತಾನೆ ಎಂದು ಉಪಾಯವನ್ನೂ ಅವರೇ ಹೇಳಿಕೊಟ್ಟರು. ನೀನು ಬಿಟ್ಟೆ.

ನಿನಗೆ ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಕೊಟ್ಟಿದ್ದೆ. ಆದರೆ ನೀನು ಅವರನ್ನು ಜನರ ಮುಂದೆ ನಿಲ್ಲಿಸಿ, ಕೈಹಿಡಿದು, ಕ್ಷಮಿಸುತ್ತೇನೆ ಎನ್ನುತ್ತೀಯ. ಹಾಗೆಂದು ಅವರಿಗೆ ಹೇಳಿದೆ. ಏನೆಂದರು ಗೊತ್ತಾ? “ಅವನಿಗೆ ಸಮಾಧಾನ ಆಗತ್ತೆ ಅಂದ್ರೆ ಬರ್ತೀನಿ ಬಿಡು.” ಸರಿಯಾದ ಅಂಗಿ ಇಲ್ಲ, ಯಾರದ್ದಾದರೂ ಸಿಗುತ್ತದಾ ಎಂದರು.

ಅದನ್ನು ನಾನು ಹೇಗೆ ನೋಡಲಿ ಗುಂಡಾ? ಅದಕ್ಕೇ ಮಾತು ಮುರಿದೆ.

ಅಕ್ಕ

•

ಮಾರ್ಚ್ 30

ಗುಂಡಾ,

ಹತ್ತು ದಿನವಾಯಿತು. ಫೋನಿಗೂ ಸಿಗುತ್ತಿಲ್ಲ. ನಿಮ್ಮ ಸಭೆಯ ಹಿರಿಯರು ಎತ್ತಿಕೊಂಡು ‘ಪಾದ್ರಿಯವರು ಬಾಗಿಲು ಹಾಕ್ಕೊಂಡಿದ್ದಾರೆ, ಊಟ ಬಾಗಿಲಲ್ಲಿ ಇಡ್ತಿದ್ದೀವಿ’ ಎಂದರು. ತಿನ್ನುತ್ತಿದ್ದೀಯಾ?

ಮಾಮನನ್ನು ಮೊನ್ನೆ ಮನೆಗೆ ಕಳಿಸಿದರು. ಮನೆ ಎಂದರೆ ಬಸ್ಸುಗಳು ಸೇರುವ ಆ ಊರಿನಲ್ಲಿ ಒಂದು ಲೇತ್ ಅಂಗಡಿಯ ಹಿಂದಿನ ಕೋಣೆ. ನಿನಗೆ ನಾಲ್ಕು ಗಂಟೆಯ ದಾರಿ. ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಮುಂದಿನ ಸೋಮವಾರ ಅಲ್ಲಿನ ದವಾಖಾನೆಯಲ್ಲಿ ಉಳಿದ ಹೊಲಿಗೆ ಬಿಚ್ಚಬೇಕು.

ನಿನಗೆ ಹೇಳಿದ್ದು ತಪ್ಪಾಯಿತಾ? ಒಂದೇ ಸಾಲು ಬರಿ. ಬೈದಾದರೂ ಬರಿ.

ಅಕ್ಕ

•

ಏಪ್ರಿಲ್ 3, ಸಂಜೆ

ಅಕ್ಕಾ,

ಇದ್ದೇನೆ.

ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಜೊತೆಗೆ ಹೋಗಿದ್ದೆ ಎಂದದ್ದು ಸುಳ್ಳು, ಹಗ್ಗ ಹಾಕಲು ಹೋದದ್ದು ನಾನೊಬ್ಬನೇ. ಅವತ್ತು ಸಂಜೆ ನಾನು ಓಡುತ್ತಾ ಅಂಗಡಿಗೆ ಬಂದು ಅಂಗಿ ಬದಲಿಸುತ್ತಿದ್ದೆ. ಗೆಳೆಯರು ಪಂದ್ಯ ನೋಡಲು ಕಾಯುತ್ತಿದ್ದರು. ಮಾಮ ಕತ್ತು ಎತ್ತದೆ ಕೇಳಿದರು, “ಪಿನ್ ಹಾಕಿದ್ಯೇನೋ?” ನಾನು “ಹೂಂ ಮಾಮ” ಎಂದೆ. ನನಗಾಗ ಇಪ್ಪತ್ತೆರಡು ವರ್ಷ, ಕೆಲಸ ಗೊತ್ತಿಲ್ಲದ ಹುಡುಗನಲ್ಲ. ಹಾಕಿದ್ದೇನೆ ಎಂದೇ ಅಂದುಕೊಂಡಿದ್ದೆ, ಅಥವಾ ನಾಳೆ ಹಾಕಿದರಾಯಿತು ಎಂದುಕೊಂಡೆ, ಯಾವುದೆಂದು ದೇವರಾಣೆಗೂ ಗೊತ್ತಿಲ್ಲ. ಕೋರ್ಟಿನಲ್ಲಿ ಅವರು “ನಾನೇ ಹತ್ತಿದ್ದೆ” ಎಂದಾಗ ನಾನು ಹೊರಟ ಮೇಲೆ ಹೋಗಿ ಬಿಚ್ಚಿ ನೋಡಿರಬೇಕು, ಅವರೇ ಮರೆತಿರಬೇಕು ಎಂದು ನಂಬಿದೆ. ಮುಳುಗುವವನು ಹಲಗೆ ಹಿಡಿದ ಹಾಗೆ ಆ ನಂಬಿಕೆ ಹಿಡಿದೆ. ಆ ‘ಹೂಂ’ ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಹದಿನೆಂಟು ವರ್ಷ ಅದರ ಮೇಲೆ ಕೂತಿದ್ದೆ. ಅರ್ಜಿ ಬರೆದದ್ದೂ ಅದಕ್ಕೇ ಇರಬೇಕು. ಅವರಿಗೆ ಶಿಕ್ಷೆ ಹೆಚ್ಚಾದಷ್ಟೂ ನಾನು ಹಗುರವಾಗುತ್ತಿದ್ದೆ.

ನಿನ್ನ ಕಾಗದ ಓದಿದ ದಿನ ನನಗೆ ಏನಾಯಿತೆಂದು ಹೇಳಿದರೆ ನೀನು ಹೆದರುತ್ತೀಯ. ಕೃತಜ್ಞತೆ ಬರಲಿಲ್ಲ. ಅಳುವೂ ಬರಲಿಲ್ಲ. ಸಿಟ್ಟು ಬಂತು. ಯಾರು ಕೇಳಿದ್ದರು ಇವರನ್ನು? ನನ್ನ ತಪ್ಪು ನನ್ನದು, ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋಗಲು ಇವರ್ಯಾರು? ಕನ್ನಡಿ ಒಡೆದೆ. ಕೈಗೆ ನಾಲ್ಕು ಹೊಲಿಗೆ ಬಿದ್ದಿದೆ, ಗಾಬರಿಯಾಗಬೇಡ.

‘ನಮ್ಮ ಬದಲಿಗೆ ಸತ್ತನು.’ ಹನ್ನೊಂದು ವರ್ಷ ಈ ಮಾತನ್ನು ಬಾಯಿಗೆ ಸಕ್ಕರೆ ಹಾಕಿಕೊಂಡವನ ಹಾಗೆ ಹೇಳಿದೆ. ಅದು ಎಂಥ ಭಯಂಕರ ಮಾತು ಎಂದು ಒಂದು ದಿನವೂ ಹೊಳೆಯಲಿಲ್ಲ. ಶಿಲುಬೆಯ ಕೆಳಗೆ ನಾನು ನಿಂತದ್ದು ನೊಂದವನಾಗಿ, ಅಳುವವರ ಸಾಲಿನಲ್ಲಿ. ಮೊಳೆ ಹೊಡೆದವರ ಸಾಲಿನಲ್ಲಿ ನನ್ನನ್ನು ಯಾವತ್ತೂ ಕಾಣಲಿಲ್ಲ.

ಇವತ್ತು ಪೀಠ ಹತ್ತಿದೆ. ಜನ ಎಂದಿಗಿಂತ ಹೆಚ್ಚು ಬಂದಿದ್ದರು, ಕ್ಷಮೆ ನೋಡಲು. ‘ಬರಬೇಕಾಗಿದ್ದ ಅಪರಾಧಿ ಬಂದಿದ್ದಾನೆ, ನಿಮ್ಮ ಮುಂದೆ ನಿಂತಿದ್ದಾನೆ’ ಎಂದೆ. ಎಲ್ಲ ಹೇಳಿದೆ. ಪಿನ್ನು, ಜೇಬು, ಹೂಂ, ಅರ್ಜಿ. ‘ನನ್ನ ಬದಲಿಗೆ’ ಎಂದಲ್ಲಿಗೆ ಮುಗಿಸಿದೆ. ಹಾರ್ಮೋನಿಯಂ ನುಡಿಸುವ ಟೀಚರು ಕೀರ್ತನೆ ಎತ್ತಬೇಕಿತ್ತು, ಬೆರಳು ಇಟ್ಟುಕೊಂಡು ಹಾಗೇ ಕೂತುಬಿಟ್ಟರು.

ಜನ ಹೋದ ಮೇಲೆ ಹಿರಿಯರು ಬಂದರು. “ಭಾನುವಾರ ನೀವು ಇಲ್ಲಿ ಇರಬೇಡಿ” ಎಂದರು. ಮನೆ ಖಾಲಿ ಮಾಡು ಎನ್ನುತ್ತಿದ್ದಾರೆ ಎಂದುಕೊಂಡು ತಲೆ ಆಡಿಸಿದೆ. “ಮೊದಲ ಬಸ್ಸು ಐದೂವರೆಗೆ. ಪುನರುತ್ಥಾನದ ಆರಾಧನೆ ನಾನು ನಡೆಸ್ತೀನಿ, ನನಗೂ ಓದೋಕೆ ಬರತ್ತೆ” ಎಂದರು.

ಹೋಗುತ್ತೇನೆ. ಬಸ್ಸಿನ ದುಡ್ಡು ಎಣಿಸಿಟ್ಟಿದ್ದೇನೆ ಅಕ್ಕಾ.

ಗುಂಡ

•

ಏಪ್ರಿಲ್ 6

ಅಕ್ಕಾ,

ಹೋದೆ. ನಡೆದ ಹಾಗೇ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಲೇತ್ ಅಂಗಡಿ ಸಿಕ್ಕಿತು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಮಂಚ ಖಾಲಿ. ಹೊದಿಕೆ ಮಡಚಿ ತಲೆಯ ಕಡೆ ಇಟ್ಟಿತ್ತು. ಔಷಧಿ ಬಾಟಲಿಗಳಿಲ್ಲ, ಚಪ್ಪಲಿಯಿಲ್ಲ. ಇಷ್ಟು ಅಚ್ಚುಕಟ್ಟಾಗಿ ಮಂಚ ಖಾಲಿಯಾಗುವುದು ಯಾವಾಗ ಎಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ತಡವಾಯಿತು, ಹೋಗಿಬಿಟ್ಟರು ಎಂದುಕೊಂಡೆ. ಅಲ್ಲೇ ಹೊಸ್ತಿಲ ಮೇಲೆ ಕೂತೆ.

ಅಂಗಡಿಯೊಳಗೆ ಯಾರೋ ಕೆಲಸಗಾರ ಬೆನ್ನು ಹಾಕಿ ಯಂತ್ರ ಒರೆಸುತ್ತಿದ್ದ. “ಈ ಕೋಣೇಲಿದ್ದ ಹಿರಿಯರನ್ನ ಎಲ್ಲಿಗೆ ತಗೊಂಡು ಹೋದ್ರಿ?” ಎಂದು ಕೂಗಿದೆ. ಅವನು ಒರೆಸುವ ಬಟ್ಟೆ ಕೆಳಗಿಟ್ಟ. ತಿರುಗಲಿಲ್ಲ.

“ಗುಂಡಾ, ದನಿ ಒಡೆದಿದೆಯಲ್ಲೋ.”

ಮಾಮನ ದನಿ. ಸಂತೋಷವಾಯಿತು ಎಂದು ಬರೆದರೆ ಸುಳ್ಳು, ಆದದ್ದು ಹೆದರಿಕೆ. ಶಿಲುಬೆಗೇರಿದವನು ಮತ್ತೆ ಎದ್ದ ಆ ಭಾನುವಾರ, ಬರಿದಾದ ಸಮಾಧಿ ಕಂಡ ಹೆಂಗಸರು ನಡುಗಿ ಓಡಿಹೋದರು ಎಂದು ಬೈಬಲಿನಲ್ಲಿ ಓದುವಾಗೆಲ್ಲ, ಪಾಪ, ಖುಷಿಪಡಬಾರದಾಗಿತ್ತಾ ಎಂದುಕೊಳ್ಳುತ್ತಿದ್ದೆ. ಈಗ ಗೊತ್ತಾಯಿತು. ನೀನು ಯಾರನ್ನು ಮುಗಿಸಿದ್ದೀಯೋ ಅವರೇ ಎದ್ದು ಬಂದು ಎದುರಿಗೆ ನಿಂತಿದ್ದಾರೆ, ಅವರಿಗೆ ಎಲ್ಲ ಗೊತ್ತಿದೆ. ಇನ್ನು ಅಡಗಿಕೊಳ್ಳಲು ಜಾಗವಿಲ್ಲ.

ಅವರ ಕಾಲ ಬಳಿ ಬಿದ್ದೆ. “ನಾನೇ ಮಾಮ” ಎನ್ನುವುದಷ್ಟೇ ಬಾಯಿಗೆ ಬಂತು.

“ಗೊತ್ತು. ಏಳು ಮೇಲೆ, ಪ್ಯಾಂಟಿಗೆಲ್ಲ ಗ್ರೀಸ್ ಆಗತ್ತೆ. ಒಗೆಯೋರ್ಯಾರು?” ಆಮೇಲೆ ನನ್ನ ಕೈಯ ಬ್ಯಾಂಡೇಜು ನೋಡಿ ಕೇಳಿದರು, “ಇದೇನಾಯ್ತು? ತಿಂಡಿ ತಿಂದ್ಯಾ?”

ಹದಿನೆಂಟು ವರ್ಷದ ಮೇಲೆ ಮೊದಲ ಪ್ರಶ್ನೆ ಅದು. ಬೈಯುತ್ತಾರೆ ಎಂದು ಸಿದ್ಧವಾಗಿ ಹೋಗಿದ್ದೆ. ಇದಕ್ಕೆ ಸಿದ್ಧವಾಗಿರಲಿಲ್ಲ.

ಬ್ರೆಡ್ಡು ಕೊಟ್ಟರು, ಚಹಾ ಮಾಡಿದರು. ಕುಡಿಯುತ್ತಾ ಹೇಳಿದೆ, ಪೊಲೀಸರ ಹತ್ತಿರ ಹೋಗುತ್ತೇನೆ, ಎಲ್ಲ ಬರೆದುಕೊಡುತ್ತೇನೆ ಎಂದು. ಆಗ ಸಿಟ್ಟಾದರು ನೋಡು, ಹೊಟ್ಟೆ ಹಿಡಿದುಕೊಂಡು ಎದ್ದು ನಿಂತರು. “ಏನಂತ ಬರೆದುಕೊಡ್ತೀಯಾ? ಆರು ವರ್ಷ ವಾಪಸ್ ಮಾಡಿ ಅಂತಲಾ? ಅದು ಮುಗಿದ ಕೆಲಸ ಕಣೋ. ಮುಗಿದ ಕೆಲಸಕ್ಕೆ ಮತ್ತೆ ಸ್ಪ್ಯಾನರ್ ಹಾಕಬೇಡ.” ಸಭೆಯಲ್ಲಿ ಹೇಳಿಬಿಟ್ಟೆ ಎಂದಾಗ ಬೆನ್ನು ಹಾಕಿ ಮತ್ತೆ ಯಂತ್ರ ಒರೆಸತೊಡಗಿದರು. ನಿನ್ನ ಮೇಲೂ ಕೋಪವಿದೆ. “ಮಾತು ಕೊಟ್ಟಿದ್ಳು, ಅವಳಮ್ಮನ ಹಾಗೇ ಬಾಯಿ ನಿಲ್ಲಲ್ಲ” ಎಂದರು. ಹೇಳುವಾಗ ನಗು ತಡೆದುಕೊಳ್ಳುತ್ತಿದ್ದರು, ಅಷ್ಟು ನಾನು ನೋಡಿದೆ.

ಮಧ್ಯಾಹ್ನ ಕೇಳಿದೆ, ಯಾಕೆ ಮಾಡಿದಿರಿ ಎಂದು. ಚಹಾದ ಲೋಟ ತೊಳೆದು ಮಗುಚಿಟ್ಟರು.

“ನಾನು ಇಳಿದಾಗ ಅಕ್ಕನಿಗೆ ಇನ್ನೂ ಉಸಿರಿತ್ತು” ಎಂದರು.

ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ ಹೇಳಿರಲಿಲ್ಲವಂತೆ. “‘ಹುಡುಗ ಲಿಫ್ಟ್ ಕೆಳಗಿರಲಿಲ್ಲ ತಾನೇ?’ ಅಂತ ಕೇಳಿದ್ಳು. ಇಲ್ಲ, ಅವನಿಗೇನೂ ಆಗಿಲ್ಲ ಅಂದೆ. ‘ಸದ್ಯ’ ಅಂದ್ಳು. ಅಷ್ಟೇ. ಆಮೇಲೆ ಅಂಗಡೀಲಿ ನಿನ್ನ ಜೇಬಲ್ಲಿ ಪಿನ್ನು ಸಿಕ್ತು. ಅವನಿಗೇನೂ ಆಗಿಲ್ಲ ಅಂತ ಅವಳಿಗೆ ಹೇಳಿ ಆಗಿತ್ತಲ್ಲೋ. ಸುಳ್ಳು ಮಾಡೋಕಾಗತ್ತಾ?”

ಅಕ್ಕಾ, ಅಷ್ಟು ಕೇಳಿ ನಾನು ಹೊರಗೆ ಹೋಗಿ ರಸ್ತೆಯಲ್ಲಿ ನಿಂತೆ. ಎದುರಿಗೆ ಒಬ್ಬಳು ಅಂಗಡಿಯ ಗಾಜು ತೊಳೆಯುತ್ತಿದ್ದಳು. ಬಸ್ಸು ಹೋಯಿತು. ಎಲ್ಲ ಹೇಗಿತ್ತೋ ಹಾಗೇ ಇತ್ತು. ನಾನು ಬದುಕಿದ ಹದಿನೆಂಟು ವರ್ಷದ ಒಂದೊಂದು ದಿನವೂ ಇನ್ನೊಬ್ಬರು ಕೊಟ್ಟದ್ದು. ಅದನ್ನು ನಾನು ಗಳಿಸಲಿಲ್ಲ. ವಾಪಸ್ಸು ಕೊಡಲೂ ಅವರು ಬಿಡುತ್ತಿಲ್ಲ. ತೆಗೆದುಕೊಳ್ಳುವುದೊಂದೇ ಉಳಿದಿದೆ. ಶಿಲುಬೆಯ ಮುಂದೆ ಮನುಷ್ಯನಿಗೆ ಕಷ್ಟವಾದ ಕೆಲಸ ಅದೇ ಎಂದು ಕಾಣುತ್ತದೆ. ಕೈ ಚಾಚಿ, ಬಾಯಿ ಮುಚ್ಚಿ, ತೆಗೆದುಕೊಳ್ಳುವುದು. ನನಗೆ ಇನ್ನೂ ಬಂದಿಲ್ಲ. ರಾತ್ರಿ ಅವರ ಕೋಣೆಯ ನೆಲದಲ್ಲೇ ಮಲಗಿದೆ.

ಇವತ್ತು ಬೆಳಿಗ್ಗೆ ಹೊಲಿಗೆ ಬಿಚ್ಚಿಸಲು ದವಾಖಾನೆಗೆ ಕರೆದುಕೊಂಡು ಹೋದೆ. ಗಾಯ ಒಣಗಿದೆ, ಚಿಂತೆಯಿಲ್ಲ. ಕಿಟಕಿಯಲ್ಲಿ ಕೂತಿದ್ದ ಗುಮಾಸ್ತೆ ಫಾರ್ಮು ತುಂಬುತ್ತಿದ್ದಳು. ರೋಗಿಯ ವಯಸ್ಸು, ವಿಳಾಸ ಎಲ್ಲ ಹೇಳಿದೆ. ಆಮೇಲೆ ತಲೆ ಎತ್ತದೆ ಕೇಳಿದಳು, “ಜೊತೆಗೆ ಬಂದಿರೋರು ನೀವು ಅವರಿಗೆ ಏನಾಗಬೇಕು?”

ಸೋದರಳಿಯ ಎನ್ನಲು ಯಾವ ಮುಖವಿದೆ? ಹದಿನೆಂಟು ವರ್ಷ ಅವರಿಗೆ ನಾನು ಏನಾಗಿದ್ದೆನೋ ಅದಕ್ಕೆ ಆ ಫಾರ್ಮಿನಲ್ಲಿ ಜಾಗವಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

ಬೆಂಚಿನ ಮೇಲಿಂದ ಮಾಮ ಹೇಳಿದರು, “ಮಗ ಅಂತ ಬರ್ಕೊಳ್ಳಮ್ಮ.”

ಬರೆದುಕೊಂಡಳು.

ಗುಂಡ